ಸದ್ದು ಮಾಡದ ಹಲಗೆ

ಗಡಿಯಾರ ರಿಪೇರಿಯ ಯಜಮಾನರ ಮನೆಯಲ್ಲಿ ಟೈಲ್ಸು ಸಡಿಲವಾಗಿ ಕಾಲಿಟ್ಟಲ್ಲೆಲ್ಲ ಲಟಲಟ ಎನ್ನುತ್ತಿದ್ದವು. ಹೆಂಡತಿ ತೀರಿಕೊಂಡ ಮೇಲೆ ಮಾತಿಗೆ ಯಾರೂ ಇಲ್ಲದೆ ಅವರು ಸಂಜೆಯಿಡೀ ಒಳಗೇ ಶತಪಥ ಹಾಕುವರು. ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಟೀಚರಮ್ಮ ಪೊರಕೆಯ ಹಿಡಿಯಿಂದ ಸೂರಿಗೆ ಟಕ್ ಟಕ್ ಎಂದು ಕುಟ್ಟುವರು. ಬೈಗುಳವೇ ಆಗಲಿ, ದಿನಕ್ಕೊಮ್ಮೆ ಒಬ್ಬರಾದರೂ ತಮಗೆ ಉತ್ತರ ಕೊಡುತ್ತಾರಲ್ಲ ಎಂದು ಯಜಮಾನರಿಗೆ ಒಳಗೊಳಗೇ ಸಮಾಧಾನವಿತ್ತು.

ಅಂಥ ಟೀಚರಮ್ಮ ಶನಿವಾರ ಮೆಟ್ಟಿಲಲ್ಲಿ ಎದುರಾಗಿ, "ಇನ್ನು ನನ್ನ ಕೈಲಾಗಲ್ಲ ಸಾರ್. ಈ ಸದ್ದು ನಿಲ್ಲದಿದ್ರೆ ಮನೆ ಖಾಲಿ ಮಾಡ್ತೀನಿ" ಎಂದುಬಿಟ್ಟರು.

ಯಜಮಾನರಿಗೆ ನಡೆಯದೆ ಕೂರೋಣವೆಂದರೆ ಮನೆಯ ಮೌನವೇ ಮೈಮೇಲೆ ಬರುತ್ತದೆ. ಕುಟ್ಟುವುದು ನಿಂತರೆ ನಿಲ್ಲಲಿ, ಕೆಳಗೊಂದು ಜೀವ ಇದ್ದರೆ ಸಾಕು ಎನ್ನಿಸಿತು. ಭಾನುವಾರ ಬೆಳಿಗ್ಗೆಯೇ ಅಂಗಡಿಗೆ ಹೋಗಿ, ಸದ್ದಡಗಲು ನೆಲಕ್ಕೆ ಹಾಸೋಣವೆಂದು ಮೂರು ಬಗೆಯ ಬಿದಿರಿನ ಹಲಗೆಗಳನ್ನು ಮಾದರಿಗೆಂದು ಹೊತ್ತು ತಂದರು.

ಎದುರುಮನೆಯ ಸರ್ವೇಯರು ಕರೆಯದೆ ಹಾಜರಾದರು. ನಿವೃತ್ತರಾದ ಮೇಲೆ ಅಳೆಯಲು ಜಮೀನು ಸಿಗದೆ ಊರವರ ಉಸಾಬರಿಗೆ ಬಿದ್ದವರು ಅವರು.

"ಒಳ್ಳೇ ಬಿದಿರು ಅಂದ್ರೆ ಐದು ವರ್ಷ ಬಲಿತಿರಬೇಕು ಕಣ್ರೀ. ಎಳೇದಾದ್ರೆ ಉಗುರಲ್ಲಿ ಗೀರಿದ್ರೂ ಗೆರೆ ಬೀಳುತ್ತೆ. ಗೋಂದಿನ ಘಾಟೂ ಇರಬಾರದು" ಎನ್ನುತ್ತ ಹಲಗೆಗಳನ್ನು ಒಂದೊಂದಾಗಿ ಮೂಸಿದರು.

"ಅದೆಲ್ಲ ಆಮೇಲೆ. ಟೀಚರಮ್ಮ ಕುಟ್ಟದಿದ್ರೆ ಪಾಸ್, ಕುಟ್ಟಿದ್ರೆ ಫೇಲ್" ಎಂದರು ಯಜಮಾನರು.

ಮೊದಲನೆಯದನ್ನು ಹಾಸಿ ನಡೆದರು. ಟಕ್ ಟಕ್ ಟಕ್! ಫೇಲ್.

ಎರಡನೆಯದು ಬಲಿತ ಬಿದಿರಿನ ಎಳೆಗಳನ್ನು ಒತ್ತಿ ಮಾಡಿದ್ದು. ಉಗುರು ಸವೆಯಿತೇ ಹೊರತು ಗೆರೆ ಬೀಳಲಿಲ್ಲ. ನಡೆದರು. ಕೆಳಗಿನಿಂದ ಸಣ್ಣಗೆ ಒಂದೇ ಒಂದು ಟಕ್.

"ನಡೆದ್ರೆ ಏನ್ರೀ ಗೊತ್ತಾಗುತ್ತೆ? ಕುಣೀಬೇಕು!" ಎಂದು ಸರ್ವೇಯರು ಪಂಚೆ ಎತ್ತಿಕಟ್ಟಿ ಕುಣಿದೇಬಿಟ್ಟರು. ಗಲಾಟೆ ಕೇಳಿ ಇಳಿದುಬಂದಿದ್ದ ಮೇಲಿನ ಮನೆಯ ನರ್ಸಮ್ಮ, "ಭಾರ ಬಿದ್ರೆ?" ಎಂದು ತಮ್ಮ ಕಬ್ಬಿಣದ ಕುಟ್ಟಾಣಿಯನ್ನೇ ತಂದು ನಾಲ್ಕು ಸಲ ಎತ್ತಿಹಾಕಿದರು. ಕೆಳಗೆ ಧಡಾರ್ ಎಂದಿತು.

"ಅಬ್ಬಾ, ಎಂಥಾ ಏಟು! ಇದೂ ಫೇಲ್" ಎಂದರು ಸರ್ವೇಯರು.

ಮೂರನೆಯದು ಹಪ್ಪಳದಷ್ಟು ಹಗುರ. ಘಾಟಿಗೆ ನರ್ಸಮ್ಮ ಸೀನಿದರು, ಉಗುರು ತಾಗಿದಲ್ಲೆಲ್ಲ ಗೆರೆ. ಆದರೆ ಯಜಮಾನರು ನಡೆದರು, ಸರ್ವೇಯರು ಕುಣಿದರು, ಕುಟ್ಟಾಣಿ ಬಿತ್ತು. ಕೆಳಗಿನಿಂದ ಒಂದು ಸದ್ದಿಲ್ಲ!

ಯಜಮಾನರು ಅಲ್ಲೇ ಫೋನಿನಲ್ಲಿ ಇಡೀ ಮನೆಗೆ ಆರ್ಡರ್ ಕೊಟ್ಟರು.

"ಮೂರನೇದೇನಾ ಸಾರ್? ಅದು ಗೋಡೆ ಅಲಂಕಾರಕ್ಕೆ ಹಾಕೋ ಮಾಲು. ವಾಪಸ್ ತಗೊಳಲ್ಲ, ನೋಡಿ" ಎಂದ ಅಂಗಡಿಯವನು.

"ಅದೇ ಇರಲಿ!"

ತಲೆ ಬಾಚಿಕೊಂಡು ಯಜಮಾನರು ಕೆಳಗಿಳಿದರು. ಸಿಹಿಸುದ್ದಿ ಹೇಳಿದರೆ ಟೀಚರಮ್ಮ ಒಳಗೆ ಬನ್ನಿ ಎಂದಾರು, ಎರಡು ಮಾತಾಡಿಯಾರು. ಬಾಗಿಲಲ್ಲಿ ಆ ಮನೆಯ ಓನರಮ್ಮ ಬೀಗ ಹಾಕುತ್ತಿದ್ದರು.

"ಟೀಚರಮ್ಮ ಇಲ್ವಾ?"

"ಅಣ್ಣನ ಮನೆಗೆ ಹೋಗ್ಬಿಟ್ರು. ನಿಮ್ಮನೇಲಿ ಅದೇನೋ ಎತ್ತಿಹಾಕಿದ್ರಲ್ಲ, ಆಗಲೇ ಬಾಗಿಲು ಧಡಾರ್ ಅಂತ ಎಳ್ಕೊಂಡು ಆಟೋ ಹತ್ತಿದ್ರು. ಸಾಮಾನಿಗೆ ನಾಳೆ ಗಾಡಿ ಬರುತ್ತಂತೆ."

ಓನರಮ್ಮ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ನಕ್ಕರು.

"ಈ ಮನೆ ಇನ್ನು ಬಾಡಿಗೆಗೆ ಕೊಡಲ್ಲ, ಗೋಡೌನ್ ಮಾಡ್ತೀನಿ. ನಿಮಗೆ ಒಳ್ಳೇದೇ ಆಯ್ತು ಬಿಡಿ. ಎಷ್ಟು ಬೇಕಾದ್ರೂ ಓಡಾಡಿ, ಕೇಳೋರೇ ಇಲ್ಲ!"