ಇಪ್ಪತ್ತಮೂರು ಡಿಗ್ರಿ

ಎಲ್ಲ ರಗಳೆಗೂ ಮೂಲ, ಅತ್ತಿಗೆಯ ಕಣ್ಣಿಗೆ ಬಿದ್ದ ಒಂದು ಕಪ್ಪು ಉಬ್ಬು.

ಕಾರ್ಖಾನೆಯ ಹೊಸ ಕಾರಿನ ಮುಂಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಒಂದು ಮೂಲೆಯಲ್ಲಿ ಅದು ತಣ್ಣಗೆ ಕೂತಿತ್ತು, ಕಡಲೆಕಾಳಿನಷ್ಟೇ ಗಾತ್ರ. ಅತ್ತಿಗೆ ಎಂದರೆ ಕಾರಿನ ಡ್ರೈವರನ ಅತ್ತಿಗೆ, ಆ ಹೊಲಿಗೆ ಕಾರ್ಖಾನೆಯ ಸ್ಯಾಂಪಲ್ ವಿಭಾಗದ ಮುಖ್ಯಸ್ಥೆ. ಇಪ್ಪತ್ತಾರು ವರ್ಷ ಅಂಗಿಗೆ ಗುಂಡಿ ಹಚ್ಚಿದ ಕೈ. ಆಕೆ ಬಗ್ಗಿ ಅದನ್ನು ಉಗುರಿನಿಂದ ತಟ್ಟಿ ನೋಡಿ, ಯಾರೋ ಗುಂಡಿ ಹಚ್ಚಿ, ಅದು ತೂರುವ ಕಾಜಾ ತೆಗೆಯಲು ಮರೆತಿದ್ದಾರೆಂದು ತೀರ್ಪು ಕೊಟ್ಟಳು. ಆಮೇಲೆ ಸ್ಟೇರಿಂಗಿನ ಪಕ್ಕದಲ್ಲಿದ್ದ ನಾಲ್ಕು ಸಣ್ಣ ಸೀಳುಗಳು ಕಂಡವು. ಅವು ಆಕೆಯ ಪ್ರಕಾರ ಹರಿದ ಬಟ್ಟೆ.

"ಇಂಥ ಪೀಸನ್ನ ನಾನಾಗಿದ್ರೆ ಗೇಟು ದಾಟೋಕೆ ಬಿಡ್ತಿರ್ಲಿಲ್ಲ. ಇರ್ಲಿ, ಮುಚ್ಚಿ ಕೊಡ್ತೀನಿ," ಎಂದು ಕೊರಳಿನ ಟೇಪು ಎಳೆದಳು.

ಪಕ್ಕದಲ್ಲಿ ನಿಂತಿದ್ದ ಡ್ರೈವರು ಬೇಡವೆನ್ನಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡ. ಆಕೆ ಅವನ ಹೆಂಡತಿಯ ಅಕ್ಕ. ಮದುವೆಯಾದಾಗಿನಿಂದ ಅವನ ಬಾಯಿ ಆ ಕಡೆ ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಕಾರ್ಖಾನೆಯಲ್ಲಿ ಅವನಿಗೆ ಮೆಲ್ಲಗಣ್ಣ ಎಂದು ಹೆಸರು. ಅವನು ಕಾರು ಓಡಿಸುವ ವೇಗಕ್ಕೆ ಹಿಂದಿನಿಂದ ಬರುವ ಸೈಕಲ್ಲುಗಳೂ ಬೆಲ್ಲು ಹೊಡೆಯುತ್ತವೆ ಎಂಬುದು ಗೇಟಿನ ಕಾವಲುಗಾರನ ಮಾತು.

ಆ ಕಾರ್ಖಾನೆಗೆ ಹೊಸದೇನು ಬಂದರೂ ಸಂಜೆಯೊಳಗೆ ಅದಕ್ಕೊಂದು ಮುಸುಕು ಹೊಲಿಯುವುದು ವಾಡಿಕೆ. ಹಾಜರಿ ಯಂತ್ರಕ್ಕೆ ಮುಸುಕು, ತಕ್ಕಡಿಗೆ ಮುಸುಕು, ಮ್ಯಾನೇಜರರ ಟೆಲಿಫೋನಿಗೆ ಲೇಸು ಇಟ್ಟ ಮುಸುಕು. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೂ ಅತ್ತಿಗೆ ಏಳು ಗುಂಡಿಯ ಕೋಟು ತೊಡಿಸಿದ್ದಳು. ಒಮ್ಮೆ ಚಿಂದಿ ರಾಶಿಗೆ ಬೆಂಕಿ ಹತ್ತಿದಾಗ, ಐದನೇ ಗುಂಡಿ ಬಿಚ್ಚುವ ಹೊತ್ತಿಗೆ ಬೆಂಕಿಯೇ ಬೇಸರವಾಗಿ ಆರಿಹೋಗಿತ್ತು.

ಒಂಬತ್ತೂವರೆಗೆ ಮುಸುಕು ಸಿದ್ಧವಾಯಿತು. ಕಡುನೀಲಿ ಕೋಟಿನ ಬಟ್ಟೆ, ಒಳಗೆ ಬೆರಳುದಪ್ಪ ಹತ್ತಿ, ಅಂಚಿಗೆ ಬಿಳಿ ಪೈಪಿಂಗು. ಗಾಳಿ ಬರುವ ಜಾಗಗಳನ್ನೂ ಅಂಕಿ ತೋರಿಸುವ ಗಾಜನ್ನೂ ಬಿಟ್ಟು ಡ್ಯಾಶ್‌ಬೋರ್ಡು ಪೂರ್ತಿ ಹೊದ್ದುಕೊಂಡು ಮಲಗಿತು.

ಮ್ಯಾನೇಜರು ಬಂದು ನೋಡಿ, ಬಹಳ ಚೆನ್ನಾಗಿದೆ ಎಂದರು. ಅವರ ತಲೆಯಲ್ಲಿ ಬೇರೆ ಚಿಂತೆ ಇತ್ತು. ಆ ದಿನ ಮಧ್ಯಾಹ್ನ ಕಾರ್ಖಾನೆಯ ಒಡತಿ ವಿಮಾನದಲ್ಲಿ ಬಂದಿಳಿಯುವವಳಿದ್ದಳು. ಹೋದ ಸಲ ಹಳೆಯ ಕಾರಿನಲ್ಲಿ ಆಕೆಗೆ ಮೊದಲು ಸೆಕೆಯಾಗಿ, ಆಮೇಲೆ ಚಳಿಯಾಗಿ, ಕೊನೆಗೆ ನೆಗಡಿಯಾಗಿತ್ತು. ಆ ಕಾರಿನಲ್ಲಿದ್ದದ್ದು ಒಂದೇ ತಿರುಗುಣಿ, ಒಂದು ಕಡೆ ನೀಲಿ, ಒಂದು ಕಡೆ ಕೆಂಪು. ಮೆಲ್ಲಗಣ್ಣ ಕನ್ನಡಿಯಲ್ಲಿ ಆಕೆಯ ಮುಖ ನೋಡಿ ನೋಡಿ ಅದನ್ನು ತಿರುಗಿಸುತ್ತಿದ್ದ. ಆದರೆ ಒಡೆಯರ ಮುಖದಲ್ಲಿ ಸೆಕೆಯೂ ಸಿಟ್ಟೂ ಒಂದೇ ಥರ ಕಾಣುತ್ತದೆ. ಹಾಗಾಗಿ ತಪ್ಪುತ್ತಿತ್ತು.

"ಈ ಕಾರಿಗೆ ನಿನ್ನ ಬುದ್ಧಿ ಬೇಕಿಲ್ಲ," ಎಂದರು ಮ್ಯಾನೇಜರು. "ಆಟೋ ಅಂತ ಒತ್ತು, ಇಪ್ಪತ್ಮೂರು ಅಂತ ಇಡು, ಕೈ ತೆಗಿ. ಅದೇ ನೋಡ್ಕೊಳ್ಳುತ್ತೆ. ಮೇಡಂ ಸೆಕೆ ಅಂದ್ರೂ ನೀನು ಹೋದೆ, ಚಳಿ ಅಂದ್ರೂ ಹೋದೆ. ಇಸ್ತ್ರಿ ಹಾಲಲ್ಲಿ ಒಂದು ಮೇಜು ಖಾಲಿ ಇದೆ, ಗೊತ್ತಲ್ಲ."

ಮೆಲ್ಲಗಣ್ಣನಿಗೆ ಗೊತ್ತಿತ್ತು. ತಗಡಿನ ಮಾಡು, ಮೂವತ್ತನಾಲ್ಕು ಮೇಜು, ಮೂವತ್ತನಾಲ್ಕು ಉಗಿ ಇಸ್ತ್ರಿಪೆಟ್ಟಿಗೆ. ಫ್ಯಾನು ಹಾಕಿದರೆ ಮಡಿಸಿಟ್ಟ ಅಂಗಿಯ ಕಾಲರು ಕದಲುತ್ತದೆ ಎಂದು ಫ್ಯಾನು ಹಾಕಿರಲಿಲ್ಲ. ಕಾಲರು ಕದಲಬಾರದು; ಕಾಲರಿನ ಹಿಂದೆ ನಿಂತವರು ಕುಸಿದರೆ ನೀರು ಚಿಮುಕಿಸಿ ಎಬ್ಬಿಸಬಹುದು. ಅಲ್ಲಿ ಅವನು ಎಂಟು ವರ್ಷ ಬೆಂದಿದ್ದ. ಡ್ರೈವಿಂಗ್ ಲೈಸೆನ್ಸ್ ಎಂಬ ಸಣ್ಣ ಕಾಗದ ಹಿಡಿದು ಹೇಗೋ ಹೊರಗೆ ತೆವಳಿ ಬಂದಿದ್ದ. ಅವನ ಹೆಂಡತಿ ಈಗಲೂ ಅಲ್ಲಿ ಕೊನೆಯ ಮೇಜಿನವಳು.

ಹನ್ನೊಂದು ಗಂಟೆಗೆ ಪರೀಕ್ಷೆಯ ಸವಾರಿ ಹೊರಟಿತು. ಮ್ಯಾನೇಜರು ಹಿಂದೆ, ಒಡತಿಯ ಜಾಗದಲ್ಲಿ, ಒಡತಿಯ ಹಾಗೆಯೇ ಮುಖ ಮಾಡಿಕೊಂಡು ಕೂತರು. ತನ್ನ ಹೊಲಿಗೆ ಬಿಸಿಲಿನಲ್ಲಿ ಹೇಗೆ ಕಾಣುತ್ತದೆಂದು ನೋಡಲು ಅತ್ತಿಗೆ ಮುಂದೆ ಹತ್ತಿದಳು. ಅಂಕಿಯ ಗಾಜಿನ ಮೇಲೆ ಇಪ್ಪತ್ತಮೂರು ಎಂದು ಮೂಡಿತು. ಮೆಲ್ಲಗಣ್ಣ ಕೈ ತೆಗೆದ.

ಮೊದಲ ತಿರುವಿನ ತನಕ ಸುಖವಾಗಿತ್ತು. ಮುಂಗಾಜಿನಿಂದ ಬಿಸಿಲು ಬಿದ್ದು ಕಡುನೀಲಿ ಮುಸುಕು ಕಾಯತೊಡಗಿದಂತೆ ಕಾರು ಯಾಕೋ ಗಾಬರಿಗೆ ಬಿದ್ದಿತು. ಗಾಳಿ ಬುಸುಗುಟ್ಟತೊಡಗಿತು. ಎರಡನೇ ತಿರುವಿಗೆ ಅತ್ತಿಗೆ ಸೆರಗು ಹೊದ್ದಳು. ಮೂರನೆಯದಕ್ಕೆ ಮ್ಯಾನೇಜರರ ಹಲ್ಲು ಹೊಲಿಗೆ ಯಂತ್ರದಂತೆ ಕಟಕಟಿಸಿತು. ಗಾಜಿನ ಮೇಲೆ ಮಾತ್ರ ಇಪ್ಪತ್ತಮೂರೇ ಇತ್ತು, ಸರ್ಕಾರಿ ಪ್ರಕಟಣೆಯಷ್ಟು ನಿಶ್ಚಿಂತೆಯಿಂದ. ಮೆಲ್ಲಗಣ್ಣ ಇಪ್ಪತ್ತಾರು ಮಾಡಿದ, ಇಪ್ಪತ್ತೆಂಟು ಮಾಡಿದ. ಕಾರು ಕೇಳಲಿಲ್ಲ.

ಗೇಟಿಗೆ ವಾಪಸಾದಾಗ ಮ್ಯಾನೇಜರು ಹನ್ನೊಂದು ಸಲ ಸೀನಿದರು. ಎಣಿಸಿದವನು ಕಾವಲುಗಾರ. ಅವನು ಮೂವತ್ತು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತು ಲೋಕದ ಎಲ್ಲ ಯಂತ್ರಗಳನ್ನೂ ಅರ್ಥ ಮಾಡಿಕೊಂಡವನು. ಕಾರಿನ ಸುತ್ತ ಒಂದು ಸುತ್ತು ಬಂದು, ಪಾಪ, ಇದು ಬಿಸಿಲಿಗೆ ಹೆದರಿದೆ ಎಂದ. ಹೆದರಿದವರಿಗೆ ಸಮಾಧಾನ ಮಾಡಬೇಕು. ತನ್ನ ಹತ್ತಿರ ಇದ್ದ ಮಂಜುಗಟ್ಟಿದ ನೀರಿನ ಬಾಟಲಿಯನ್ನು ತಂದು ಸ್ಟೇರಿಂಗಿನ ಪಕ್ಕದಲ್ಲಿ ಮುಸುಕಿಗೆ ಒತ್ತಿ ಸಿಕ್ಕಿಸಿದ. ತಂಪು ತಾಗಿದರೆ ಅದೇ ಸುಮ್ಮನಾಗುತ್ತದೆ ಎಂದು ಧೈರ್ಯ ಹೇಳಿದ.

ಅದು ನಿಜವಾಗಿಯೂ ಸುಮ್ಮನಾಯಿತು. ಬುಸುಗುಟ್ಟುವುದು ನಿಂತಿತು. ಮ್ಯಾನೇಜರು ಸಂತೋಷಪಟ್ಟು ಮತ್ತೆ ಹತ್ತಿದರು. ಎರಡನೇ ಸವಾರಿ ಮೊದಲ ತಿರುವು ದಾಟುವಷ್ಟರಲ್ಲಿ ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ನುಗ್ಗಿತು. ಹೊರಗೆ ಮೂವತ್ತೇಳು ಡಿಗ್ರಿ, ಒಳಗೆ ಕಾರು ಇವರನ್ನು ಬೆಚ್ಚಗಿಡಲು ಟೊಂಕ ಕಟ್ಟಿ ನಿಂತಿತ್ತು. ಅತ್ತಿಗೆಯ ಸೆರಗು ಬೀಸಣಿಗೆಯಾಯಿತು. ಮ್ಯಾನೇಜರರ ಅಂಗಿ ಮೈಗಂಟಿ, ಒಳಗೆ ಹಾಕಿದ್ದ ಬನೀನಿನ ತೂತುಗಳು ಲೆಕ್ಕಕ್ಕೆ ಸಿಗುವಂತಾದವು. ಅವರು ಬಾಯಿ ಬಿಟ್ಟು ಹೇಳಿದ್ದು ಒಂದೇ ಪದ.

"ಇಸ್ತ್ರಿ."

ಮೆಲ್ಲಗಣ್ಣನಿಗೆ ಅಷ್ಟು ಸಾಕಾಗಿತ್ತು. ಕಾರನ್ನು ನೇರ ವಿದ್ಯುತ್ ಕೋಣೆಯ ಮುಂದೆ ತಂದು ನಿಲ್ಲಿಸಿದ. ಜೀವಮಾನದಲ್ಲಿ ಮೊದಲ ಸಲ ವೇಗವಾಗಿ ಓಡಿಸಿದ್ದ.

ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗೆ ಫ್ಯೂಸಪ್ಪ ಎನ್ನುತ್ತಿದ್ದರು. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದಂತೆ. ಅವನು ಕಾರಿನೊಳಗೆ ತಲೆ ಹಾಕಿ, ಬಾಟಲಿ ಕಿತ್ತು ಹೊರಗಿಟ್ಟು, ಮುಸುಕನ್ನು ಅಲ್ಲಲ್ಲಿ ಒತ್ತಿ ನೋಡಿ, ಇದಕ್ಕೆ ಕಣ್ಣು ಕಟ್ಟಿ ಮೂಗು ಮುಚ್ಚಿದ ಪುಣ್ಯಾತ್ಮರು ಯಾರು ಎಂದು ಕೇಳಿದ. ಎಲ್ಲರೂ ಅತ್ತಿಗೆಯನ್ನು ನೋಡಿದರು. ಆಕೆ ಆಕಾಶ ನೋಡಿದಳು.

ಅವನು ಬಿಡಿಸಿ ಹೇಳಿದ. ಆ ಕಪ್ಪು ಉಬ್ಬು ಗುಂಡಿಯಲ್ಲ, ಬಿಸಿಲು ಎಷ್ಟು ಬೀಳುತ್ತಿದೆ ಎಂದು ನೋಡುವ ಕಣ್ಣು. ಆ ಸೀಳುಗಳು ಹರುಕಲ್ಲ, ಮೂಗು. ಒಳಗೊಂದು ಪುಟ್ಟ ಫ್ಯಾನು ಕಾರಿನೊಳಗಿನ ಗಾಳಿಯನ್ನು ಚೂರು ಚೂರೇ ಎಳೆದುಕೊಂಡು ಅದರ ಬಿಸಿ ಅಳೆಯುತ್ತದೆ. ಮುಂದಿನ ಬಂಪರಿನ ಹಿಂದೆ ಇನ್ನೊಂದು ಅಳತೆಗಡ್ಡಿ ಇದೆ, ಅದು ಹೊರಗಿನ ಹವೆಗೆ. ಈ ಮೂರೂ ತಂದ ಸುದ್ದಿ ಒಳಗಿನ ಒಂದು ಡಬ್ಬಿಗೆ ಹೋಗುತ್ತದೆ. ಡಬ್ಬಿ ಅದನ್ನು ನಾವಿಟ್ಟ ಇಪ್ಪತ್ತಮೂರರ ಜೊತೆ ತಾಳೆ ನೋಡುತ್ತದೆ. ಒಂದು ಕಡೆ ತಣ್ಣನೆ ಸುರುಳಿ, ಒಂದು ಕಡೆ ಬಿಸಿ ಸುರುಳಿ, ನಡುವೆ ಒಂದು ರೆಕ್ಕೆಬಾಗಿಲು. ಆ ಬಾಗಿಲನ್ನು ಎಷ್ಟು ಸರಿಸಬೇಕು, ಗಾಳಿ ಎಷ್ಟು ಜೋರಾಗಿ ಊದಬೇಕು ಎಂದು ಕ್ಷಣಕ್ಷಣಕ್ಕೂ ಡಬ್ಬಿಯೇ ತೀರ್ಮಾನಿಸುತ್ತದೆ.

"ನಿಮ್ಮ ರಜಾಯಿ ಬಿಸಿಲಿಗೆ ಕಾದಾಗ ಇದರ ಮೂಗಿಗೆ ಬಿಸಿ ಬಡೀತು. ಜನ ಬೇಯ್ತಿದಾರೆ ಅಂದ್ಕೊಂಡು ಐಸು ಸುರೀತು. ಆ ಮಹಾನುಭಾವ ಬಾಟ್ಲಿ ಇಟ್ಟ. ಜನ ಹೆಪ್ಪುಗಟ್ತಿದಾರೆ ಅಂತ ಒಲೆ ಹಚ್ಚಿತು. ಅದರದ್ದೇನೂ ತಪ್ಪಿಲ್ಲ. ಸುಳ್ಳು ವರದಿ ಕೊಟ್ರೆ ಯಾರಾದ್ರೂ ಇಷ್ಟೇ ಮಾಡೋದು."

ಪರಿಹಾರ ಕೇಳಿದ್ದಕ್ಕೆ, ಮುಸುಕನ್ನು ಕಿತ್ತೆಸೆಯಿರಿ ಎಂದ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. ಅಂಚಿಗೆ ಅಂಟು ಹಾಕಿ ಕೂರಿಸಿದ್ದೇನೆ, ಎಳೆದರೆ ಡ್ಯಾಶ್‌ಬೋರ್ಡಿನ ಚರ್ಮವೂ ಜೊತೆಗೆ ಬರುತ್ತದೆ ಎಂದಳು. ಮ್ಯಾನೇಜರು ಗಡಿಯಾರ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. ವಿಮಾನ ಇಳಿಯಲು ಮುಕ್ಕಾಲು ಗಂಟೆ ಇತ್ತು, ದಾರಿ ಅರ್ಧ ಗಂಟೆಯದು, ಓಡಿಸುವವನು ಮೆಲ್ಲಗಣ್ಣ.

ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಆ ಕಡೆಗೆ ತೆರೆದ ಬಾಯಿಯನ್ನು ಮುಚ್ಚಲಿಲ್ಲ. "ಅಕ್ಕಾ, ನೀವೇ ಅಂದ್ರಲ್ಲ, ಗುಂಡಿ ಇದೆ, ಕಾಜಾ ಇಲ್ಲ ಅಂತ. ಎರಡು ಕಾಜಾ ತೆಗೀರಿ."

ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಅಳತೆ ತಪ್ಪಿ ಹೊಲಿದ ಅಂಗಿ ಇದ್ದಕ್ಕಿದ್ದಂತೆ ಮೈಗೆ ಸರಿಯಾಗಿ ಕೂತ ಹಾಗೆ. ಆಮೇಲೆ ಕಾರಿನೊಳಗೆ ಮಂಡಿಯೂರಿ ಕತ್ತರಿ ಹಿಡಿದಳು. ಕಣ್ಣಿಗೊಂದು ದುಂಡನೆ ಕಾಜಾ, ಮೂಗಿಗೊಂದು ಉದ್ದನೆಯ ಕಾಜಾ. ಹನ್ನೊಂದು ನಿಮಿಷ. ಒಂದು ಎಳೆಯೂ ಬಿಚ್ಚಿಕೊಳ್ಳದಂತೆ ರೇಷ್ಮೆ ದಾರದ ಅಂಚು. ಫ್ಯೂಸಪ್ಪನೂ ಬಗ್ಗಿ ನೋಡಿ, ತಲೆದೂಗಿ ಹೋದ. ಅದು ಅವನ ಚಪ್ಪಾಳೆ.

ಒಡತಿ ಬಂದಳು, ಹತ್ತಿದಳು, ಕಣ್ಣು ಮುಚ್ಚಿದಳು. ಮೆಲ್ಲಗಣ್ಣ ಕನ್ನಡಿಯಲ್ಲಿ ಆಕೆಯನ್ನೇ ನೋಡುತ್ತಾ ಓಡಿಸಿದ. ಬಯಲಿನ ಬಿಸಿಲಿಗೆ ಬಂದಾಗ ಗಾಳಿ ತಾನಾಗಿ ಒಂದು ಎಳೆ ಜೋರಾಯಿತು. ಸೇತುವೆಯ ನೆರಳಿಗೆ ಹೊಕ್ಕಾಗ ಒಂದು ಎಳೆ ತಗ್ಗಿತು. ಆಕೆ ಶಾಲು ಎಳೆದುಕೊಳ್ಳಲಿಲ್ಲ, ಕತ್ತು ಒರೆಸಿಕೊಳ್ಳಲಿಲ್ಲ. ಇಪ್ಪತ್ತು ನಿಮಿಷ ಕಳೆದ ಮೇಲೆ ಕಣ್ಣು ತೆರೆದು, ಇವತ್ತು ಏನೂ ಅನಿಸಲೇ ಇಲ್ಲವಲ್ಲ ಎಂದಳು. ಒಡೆಯರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೆಲ್ಲಗಣ್ಣನ ಎದೆ ಹಗುರವಾಯಿತು. ಹಗುರವಾದ ಎದೆ ನಾಲಿಗೆಯನ್ನೂ ಸಡಿಲಿಸಿತು. ಕಣ್ಣು, ಮೂಗು, ಡಬ್ಬಿ, ರೆಕ್ಕೆಬಾಗಿಲು ಎಲ್ಲವನ್ನೂ ಫ್ಯೂಸಪ್ಪನಿಗಿಂತ ಚೆನ್ನಾಗಿ ಬಿಡಿಸಿ ಹೇಳಿದ. ಆಕೆ ಮುಂದೆ ಬಗ್ಗಿ ಕೇಳಿಸಿಕೊಂಡಳು. ಒಂದು ಪುಸ್ತಕ ತೆಗೆದು ಬರೆದುಕೊಂಡಳು ಕೂಡ. ಆ ಬರವಣಿಗೆ ಕಂಡು ಅವನಿಗೆ ಇನ್ನಷ್ಟು ಧೈರ್ಯ ಬಂತು. ಕೊನೆಯ ಮೇಜಿನ ಹೆಂಡತಿ ಕಣ್ಣ ಮುಂದೆ ಬಂದಳು.

"ಮೇಡಂ, ತಪ್ಪು ತಿಳೀಬೇಡಿ. ನಮ್ಮ ಇಸ್ತ್ರಿ ಹಾಲಲ್ಲಿ ಬಹಳ ಕಾವು. ಈ ಕಾರಿಗೆ ಮಾಡಿರೋದ್ರಲ್ಲಿ ಕಾಲು ಭಾಗ ಅಲ್ಲಿ ಮಾಡಿದ್ರೂ..."

"ಬಹಳ ಅಂದ್ರೆ ಎಷ್ಟು?"

"ನಾನು ಎರಡು ಸಲ ತಲೆ ತಿರುಗಿ ಬಿದ್ದಿದೀನಿ ಮೇಡಂ. ನನ್ನ ಹೆಂಡ್ತಿ ಮೂರು ಸಲ."

"ಅದು ಅಂಕಿ ಅಲ್ಲಪ್ಪ," ಎಂದಳು ಒಡತಿ, ಬಹಳ ಮೃದುವಾಗಿ. ಮತ್ತೇನೋ ಬರೆದುಕೊಂಡಳು.

ಉಳಿದ ದಾರಿಯುದ್ದಕ್ಕೂ ಮೆಲ್ಲಗಣ್ಣ ಮನಸ್ಸಿನಲ್ಲೇ ಇಸ್ತ್ರಿ ಹಾಲಿಗೆ ಫ್ಯಾನು ಜೋಡಿಸಿದ. ಮೊದಲು ನಾಲ್ಕು, ಆಮೇಲೆ ಹನ್ನೆರಡು. ಗೇಟು ಬರುವ ಹೊತ್ತಿಗೆ ಮಾಡಿಗೆ ತಂಪು ಬಣ್ಣವೂ ಬಳಿದಾಗಿತ್ತು.

ಒಡತಿ ಇಳಿದವಳೇ ಮ್ಯಾನೇಜರರನ್ನು ಕರೆದು ಮೆಲ್ಲಗಣ್ಣನನ್ನು ತೋರಿಸಿದಳು. ಇಂಥ ತಿಳಿವಳಿಕೆಯ ಮನುಷ್ಯನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಹಾಳು ಮಾಡುತ್ತಿದ್ದೀರಿ ಎಂದು ಗದರಿದಳು. ಕಾರು ಹೇಗೂ ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಯಾರು ಓಡಿಸಿದರೂ ಸರಿ.

"ಇವನನ್ನ ಇವತ್ತಿಂದಲೇ ಇಸ್ತ್ರಿ ಹಾಲಿಗೆ ಹಾಕಿ. ಅರ್ಧ ಗಂಟೆಗೊಂದು ಸಲ ಅಲ್ಲಿನ ಬಿಸಿ ಎಷ್ಟು ಅಂತ ಬರೀಲಿ. ಎರಡು ವರ್ಷದ ಅಂಕಿ ಬರ್ಲಿ, ಆಮೇಲೆ ಯೋಚನೆ ಮಾಡೋಣ."

ಮ್ಯಾನೇಜರು ಕೈ ಮುಗಿದರು. ಅರ್ಧ ಗಂಟೆಯ ನಡುನಡುವೆ ಕೈ ಸುಮ್ಮನಿರಬಾರದೆಂದು ಖಾಲಿ ಮೇಜನ್ನೂ ಅವನಿಗೇ ಕೊಟ್ಟರು. ಕಾರಿನ ಕೀಲಿಯನ್ನು ತಮ್ಮ ಭಾವಮೈದುನನಿಗೆ ಕೊಟ್ಟರು.

ಎರಡೂವರೆಗೆ ಮೆಲ್ಲಗಣ್ಣ ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಪೆನ್ಸಿಲು ಹಿಡಿದು ನಿಂತಿದ್ದ. ಗೋಡೆಗೆ ಹೊಸದಾಗಿ ನೇತುಹಾಕಿದ ಥರ್ಮಾಮೀಟರು ನೋಡಿ ನಲವತ್ತೊಂದು ಎಂದು ಬರೆದ. ಹಣೆಯಿಂದ ಒಂದು ಹನಿ ಬಿದ್ದು ಅಂಕಿ ಕದಡಿತು. ಮತ್ತೆ ಬರೆಯಲೆಂದು ತಲೆಯೆತ್ತಿದರೆ ನಲವತ್ತೆರಡಾಗಿತ್ತು.

ಕೊನೆಯ ಮೇಜಿನಿಂದ ಹೆಂಡತಿ ಕೇಳಿದಳು, ಎಷ್ಟಂತೆ ಎಂದು. ಅವನು ಹೇಳಿದ. ಉಳಿದ ಮೂವತ್ತಮೂರು ಮೇಜಿನವರೂ ಒಂದು ಕ್ಷಣ ಕೈ ನಿಲ್ಲಿಸಿ ಕೇಳಿಸಿಕೊಂಡರು.

"ಒಳ್ಳೇದಾಯ್ತು ಬಿಡಿ," ಎಂದಳು ಅವಳು, ಕಾಲರಿನ ಮೇಲೆ ಉಗಿ ಬಿಡುತ್ತಾ. "ಇಷ್ಟು ದಿನ ಬರೀ ಬೆವರ್ತಾ ಇದ್ವಿ. ಇನ್ಮೇಲೆ ಲೆಕ್ಕ ಗೊತ್ತಿದ್ದು ಬೆವರಬಹುದು."