ಗುರಾಣಿ, ಬೀಗ ಮತ್ತು ಗೂಬೆ

ಗಿರಣಿಯ ಸವೆದ ಕಲ್ಲಿಗೆ ಉಳಿ ಹಾಕಿಸುವ ದಿನ ಗಿರಣಿಯಣ್ಣನಿಗೆ ಮಾಡಲು ಕೆಲಸವಿರುವುದಿಲ್ಲ. ಕಲ್ಲುಕುಟಿಗ ಒಬ್ಬನೇ ಒಳಗೆ ಕೂತು ಟಣ್ ಟಣ್ ಎಂದು ಬಡಿಯುತ್ತಿರುತ್ತಾನೆ. ಹತ್ತಿರ ನಿಂತರೆ ಕಿವಿ ಹೋಗುತ್ತದೆ, ಮಾತಾಡಿಸಿದರೆ ಏಟು ತಪ್ಪುತ್ತದೆ. ಹೀಗೆ ಕೆಲಸವಿಲ್ಲದೆ ಮಧ್ಯಾಹ್ನವೇ ಮನೆಗೆ ಬಂದದ್ದು ಅಂದಿನ ರಗಳೆಗೆಲ್ಲ ಮೂಲವಾಯಿತು.

ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಶಾಲೆಯಲ್ಲಿ ಟೀಚರು, ಬರುವುದು ಸಂಜೆಗೆ. ನಡುಮನೆಯ ಮೂಲೆಯಲ್ಲಿ ಅವಳೇ ಹೊಲಿದ ಹೊದಿಕೆ ಹೊದ್ದು ಕಂಪ್ಯೂಟರು ಕೂತಿತ್ತು. ಅದನ್ನು ಮುಟ್ಟುವುದಿಲ್ಲವೆಂದು ಗಿರಣಿಯಣ್ಣ ಮಾತು ಕೊಟ್ಟಿದ್ದ. ಹಿಂದೊಮ್ಮೆ ಅದರಲ್ಲಿ ಇಸ್ಪೀಟಾಡುತ್ತ ಏನನ್ನೋ ಒತ್ತಿ, ಅವಳು ವಾರವಿಡೀ ಕೂತು ಬರೆದ ಮಕ್ಕಳ ನಾಟಕವನ್ನು ಅಳಿಸಿಬಿಟ್ಟಿದ್ದ. ಆಮೇಲೆ ಬಹಳ ದಿನ ಆ ಮನೆಯಲ್ಲಿ ಮಾತು ಪಡಿತರದ ಹಾಗೆ ಅಳತೆಯಲ್ಲಿ ಸಿಗುತ್ತಿತ್ತು. ಈಗ ಅದರೊಳಗೆ ಇನ್ನೂ ದೊಡ್ಡ ಸ್ವತ್ತಿತ್ತು. ನಾಳೆ ಶಾಲೆಯ ಸಮಾರಂಭದಲ್ಲಿ ಊರವರಿಗೆಲ್ಲ ತೋರಿಸಲೆಂದು ಅವಳು ವರ್ಷವಿಡೀ ತೆಗೆದಿದ್ದ ಮಕ್ಕಳ ಫೋಟೋಗಳು.

"ಒಂದೇ ಒಂದು ಆಟ" ಎಂದು ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡು ಗಿರಣಿಯಣ್ಣ ಹೊದಿಕೆ ಸರಿಸಿದ.

ಆಟ ಅರ್ಧ ಆಗಿತ್ತು. ಗೇಟಿನ ಹತ್ತಿರ ಯಾರೋ ಕೂಗಿದರು. ಗೋಧಿ ಬೀಸಿಸಲು ಬಂದ ಮುದುಕಿ. ಗಿರಣಿ ಇವತ್ತು ಇಲ್ಲ ಅನ್ನುವ ಒಂದು ಮಾತು ಹೇಳಲು ಹೋದವನಿಗೆ ಅವಳ ಮೂವರು ಸೊಸೆಯಂದಿರ ಗುಣಗಳನ್ನೂ ಕೇಳಿಕೊಂಡು ಬರಬೇಕಾಯಿತು. ಒಳಗೆ ಬಂದು ನೋಡಿದರೆ ಪರದೆ ಕೆಂಡದ ಹಾಗೆ ಕೆಂಪಾಗಿತ್ತು. ನಡುವೆ ದಪ್ಪ ಅಕ್ಷರದಲ್ಲಿ: "ಎಚ್ಚರಿಕೆ! ಈ ಕಂಪ್ಯೂಟರಿಗೆ ವೈರಸ್ ಬಂದಿದೆ. ದಯವಿಟ್ಟು ಮುಟ್ಟಬೇಡಿ."

ಗಿರಣಿಯಣ್ಣನ ಎದೆ ಕಲ್ಲುಕುಟಿಗನ ಉಳಿಗಿಂತ ಜೋರಾಗಿ ಬಡಿದುಕೊಂಡಿತು. ಕೈ ಮೌಸಿಗೆ ತಾಕಿದ್ದೇ ತಡ, ಕೆಂಪು ಮಾಯ. ಇಸ್ಪೀಟಿನ ಎಲೆಗಳು ಏನೂ ಆಗಿಲ್ಲವೆಂಬಂತೆ ನಗುತ್ತಿದ್ದವು.

ಅವನು ನೆಟ್ಟಗೆ ಪಕ್ಕದ ಮನೆಗೆ ಓಡಿದ. ಅಲ್ಲಿದ್ದವರು ನಿವೃತ್ತ ಗುಮಾಸ್ತರು. ಯಾವ ವಿಷಯ ಎತ್ತಿದರೂ ತಮ್ಮ ಆಫೀಸಿನಲ್ಲಿ ಅದು ಮೊದಲೇ ಆಗಿತ್ತು ಅನ್ನುವವರು.

"ಕಂಡರೆ ಓಡುತ್ತೆ, ಬೆನ್ನು ತಿರುಗಿಸಿದರೆ ಬರುತ್ತೆ ಅಂತೀಯಾ?" ಎಂದು ಗುಮಾಸ್ತರು ಕನ್ನಡಕ ಏರಿಸಿಕೊಂಡರು. "ಇದು ಇಲಿ ಜಾತಿದು ಕಣಯ್ಯಾ. ನಮ್ಮ ಆಫೀಸಲ್ಲಿ ಬಂದಿತ್ತು."

"ಸಂಜೆ ಅವಳು ಬರೋದ್ರೊಳಗೆ ಓಡಿಸ್ಬೇಕು ಸಾರ್. ಫೋಟೋಗೆ ಏನಾದ್ರೂ ಆದ್ರೆ ನಾನು ಗಿರಣೀಲೇ ಮಲಗ್ಬೇಕಾಗುತ್ತೆ."

"ವೈರಸ್ ಹಿಡಿಯೋ ಪ್ರೋಗ್ರಾಮು ಗುರಾಣಿ ಚಿತ್ರದ್ದು ಒಂದಿದೆ, ಪುಕ್ಕಟೆ. ಹಾಕೋಣ ನಡಿ."

"ಪುಕ್ಕಟೆ ಸಿಕ್ಕ ನಾಯಿ ಬೊಗಳುತ್ತಾ ಸಾರ್?"

"ಬೊಗಳೋಕೆ ದುಡ್ಡು ಕೇಳಿದ ನಾಯಿನ ನೀನು ನೋಡಿದೀಯಾ?"

ಗಿರಣಿಯಣ್ಣ ಅವರನ್ನು ಮನೆಗೆ ಕರೆದುಕೊಂಡು ಬಂದ. ಗುರಾಣಿ ಇಳಿಯಿತು, ಮೂಲೆ ಮೂಲೆ ತಡಕಿತು, ಎಲ್ಲ ಸರಿಯಾಗಿದೆ ಎಂದು ಹಸಿರು ತೋರಿಸಿತು. ಖುಷಿಗೆ ಗಿರಣಿಯಣ್ಣ ಟೀ ಕಾಯಿಸಿದ. ಇಬ್ಬರೂ ಜಗಲಿಯಲ್ಲಿ ಕೂತು ಕುಡಿದು ಒಳಗೆ ಬಂದರು. ಪರದೆ ಕೆಂಪಗಿತ್ತು. ದಯವಿಟ್ಟು ಮುಟ್ಟಬೇಡಿ.

"ಅಯ್ಯಯ್ಯೋ!" ಎಂದ ಅವನ ಕೂಗಿಗೆ ಎದುರಿನ ಕ್ಷೌರದಂಗಡಿಯವನು ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಬಂದ. ಹೆಚ್ಚಿನ ವಿವರ ಅವನಿಗೆ ಬೇಕಿರಲಿಲ್ಲ.

"ಗುರಾಣೀನಾ? ಅದು ಹೊಡೆತ ತಿನ್ನೋದಕ್ಕಷ್ಟೇ ಅಣ್ಣ. ಬೀಗದ ಚಿತ್ರದ್ದು ಹಾಕಿ. ನನ್ನ ಅಂಗಡಿಗೆ ಬರೋರೆಲ್ಲ ಅದನ್ನೇ ಹೊಗಳ್ತಾರೆ."

"ನಿನ್ನ ಅಂಗಡೀಲಿ ಕತ್ತಿಗೆ ಕತ್ತು ಕೊಟ್ಟೋರು ಇನ್ನೇನು ಮಾಡ್ತಾರೆ? ನೀನು ಹೇಳಿದ್ದನ್ನೇ ಹೊಗಳ್ತಾರೆ" ಎಂದರು ಗುಮಾಸ್ತರು.

"ಸಾರ್, ನಿಮ್ಮ ತಲೇಲಿ ಕೂದಲಿಲ್ಲ, ನನ್ನ ಅಂಗಡಿ ಸುದ್ದಿ ನಿಮಗೆ ಬೇಡ."

ಜಗಳ ಬೇಡವೆಂದು ಗಿರಣಿಯಣ್ಣ ಬೀಗವನ್ನೂ ಹಾಕಿಸಿದ. ಒಂದು ಬಾಗಿಲಿಗೆ ಒಂದು ನಾಯಿ ಸಾಲದಿದ್ದರೆ ಎರಡು ಕಟ್ಟುವುದು ಅವನು ಹುಟ್ಟಿದಾಗಿಂದ ಕಂಡ ಕ್ರಮ. ಎರಡು ನಾಯಿಗಳೂ ಕಳ್ಳನನ್ನು ಬಿಟ್ಟು ಒಂದನ್ನೊಂದು ಹಿಡಿಯುತ್ತವೆಂದು ಅವನಿಗೆ ಹೊಳೆದಿರಲಿಲ್ಲ. ಗುರಾಣಿ ಬೀಗವನ್ನು ಅನುಮಾನದ ವಸ್ತು ಎಂದಿತು. ಬೀಗ ಗುರಾಣಿಯನ್ನು ಹಿಡಿದು ಸೆರೆಯಲ್ಲಿಟ್ಟಿತು. ಕಂಪ್ಯೂಟರು ಹೆಚ್ಚು ಮೇದು ಹೊಟ್ಟೆಯುಬ್ಬಿದ ಎಮ್ಮೆಯ ಹಾಗೆ ಏದುಸಿರು ಬಿಡತೊಡಗಿತು. ಮೂವರೂ ತಲೆಯ ಮೇಲೆ ಕೈಹೊತ್ತು ಸುಮ್ಮನೆ ನೋಡುತ್ತ ಕೂತಾಗ, ಅವರ ಕಣ್ಣೆದುರಿಗೇ ಪರದೆ ಮತ್ತೆ ಕೆಂಪಾಯಿತು.

ಕೊನೆಗೆ ಗಿರಣಿಯಣ್ಣ ಭಾಮೈದನಿಗೆ ಫೋನು ಮಾಡಿದ. ಹೆಂಡತಿಯ ತಮ್ಮ, ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಬಂದವನು ಕೆಂಪು ಪರದೆಯ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತ.

"ಭಾವ, ನಮ್ಮ ಭಾಷೇಲೇ ಬರೆದಿದೆ ನೋಡಿ. ಒಂದು ಕಾಗುಣಿತ ತಪ್ಪಿಲ್ಲ. ವೈರಸ್ ಎಷ್ಟು ಮುಂದುವರೀತಪ್ಪಾ!"

"ಅದೂ 'ದಯವಿಟ್ಟು' ಅಂತಿದೆ" ಎಂದರು ಗುಮಾಸ್ತರು. "ಮರ್ಯಾದೆಯಿಂದ ಮಾತಾಡೋ ಕಳ್ಳನಿಗೇ ಜಾಸ್ತಿ ಹೆದರ್ಬೇಕು. ನಮ್ಮ ಆಫೀಸಲ್ಲಿ..."

"ಅಕ್ಕಂಗೆ ಗೊತ್ತಾ?" ಎಂದ ಭಾಮೈದ.

"ಗೊತ್ತಾಗದೆ ಇರ್ಲಿ ಅಂತಾನೇ ನಿನ್ನ ಕರೆದಿದ್ದು ಮಾರಾಯ."

"ಹಂಗಾದ್ರೆ ಒಂದೇ ದಾರಿ. ಇರೋದೆಲ್ಲ ಅಳಿಸಿ, ಹೊಸದಾಗಿ ಎಲ್ಲಾ ಹಾಕಿ, ಆಮೇಲೆ ಗೂಬೆ ಚಿತ್ರದ್ದು ಹಾಕೋಣ. ಗೂಬೆ ನಿದ್ದೆ ಮಾಡಲ್ಲ. ಅದೂ ಪುಕ್ಕಟೆ."

ಗಿರಣಿಯಣ್ಣ ಯೋಚಿಸಿದ. ಕಣಜಕ್ಕೆ ಹುಳ ಬಿದ್ದರೆ ಕಾಳು ಹೊರಗೆ ಸುರಿದು, ಕಣಜ ತೊಳೆದು, ಬಿಸಿಲಿಗಿಟ್ಟು ಮತ್ತೆ ತುಂಬುತ್ತಾರೆ. ಇದೂ ಅಷ್ಟೇ ಅಲ್ಲವೇ? "ಮೊದ್ಲು ಫೋಟೋ ಹೊರಗೆ ತೆಗೀರಿ" ಎಂದ.

"ನನ್ನ ಪೆನ್ ಡ್ರೈವ್ ಇದೆ. ಆಫೀಸಿನ ಕಾಲದ್ದು, ಗಟ್ಟಿ" ಎಂದು ಗುಮಾಸ್ತರು ಮನೆಗೆ ಹೋಗಿ ತಂದರು. ಪರದೆಯ ಮೇಲಿದ್ದ 'ಶಾಲೆಯ ಫೋಟೋ' ಎಂಬ ಚಿತ್ರವನ್ನು ತಾವೇ ಅದಕ್ಕೆ ಎಳೆದು ಹಾಕಿದರು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. "ನೋಡಿದ್ರಾ ವೇಗ?" ಎಂದು ಮೀಸೆ ತಿರುವಿದರು. ವರ್ಷದ ಫೋಟೋಗಳೆಲ್ಲ ಅಷ್ಟು ಬೇಗ ಹೇಗೆ ಬಂದವೆಂದು ಯಾರೂ ಕೇಳಲಿಲ್ಲ. ಅವಸರದಲ್ಲಿದ್ದವರಿಗೆ ವೇಗದ ಮೇಲೆ ಅನುಮಾನ ಬರುವುದಿಲ್ಲ.

ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಕಂಪ್ಯೂಟರು ತೊಳೆದ ಕಣಜವಾಗಿತ್ತು. ಮೂಲೆಯಲ್ಲಿ ಗೂಬೆಯೊಂದೇ ಕಣ್ಣರಳಿಸಿ ಕೂತಿತ್ತು. ನಾಲ್ವರೂ ಎದುರಿಗೆ ಕೂತು ಕಾದರು. ಕೆಂಪು ಬರಲಿಲ್ಲ. ಇನ್ನೂ ಕಾದರು. ಬರಲಿಲ್ಲ. ಕ್ಷೌರದವನು ಟವೆಲ್ ಬೀಸಿ ಕೇಕೆ ಹಾಕಿದ.

ಅದೇ ಹೊತ್ತಿಗೆ ಟೀಚರು ಒಳಗೆ ಬಂದಳು. ನಾಲ್ಕು ಗಂಡಸರು, ಎಂಜಲು ಲೋಟಗಳು, ಬೆತ್ತಲೆ ಕಂಪ್ಯೂಟರು. ಹೆಗಲ ಚೀಲ ಇಳಿಸದೆ ಕೇಳಿದಳು: "ಏನ್ರೀ ಇದು ಸಂತೆ?"

ಗಿರಣಿಯಣ್ಣ ಎದ್ದು ನಿಂತ. ಗೆದ್ದವನಿಗೆ ಸುಳ್ಳು ಹೇಳುವ ಅಗತ್ಯ ಕಾಣಲಿಲ್ಲ. "ವೈರಸ್ ಬಂದಿತ್ತು ಕಣೇ. ಓಡಿಸಿಬಿಟ್ವಿ."

"ಕೆಂಪಗೆ ಬರೋದಾ? ಸ್ವಲ್ಪ ಹೊತ್ತು ಸುಮ್ನಿದ್ರೆ ಬಂದು, ಮುಟ್ಟಿದ್ರೆ ಹೋಗೋದು?"

"ಅದೇ ಅದೇ! ನೀನೂ ನೋಡಿದ್ಯಾ?"

"ನೋಡೋದೇನು, ನಾನೇ ಬರೆದು ಹಾಕಿದ್ದು." ಅವಳ ದನಿ ಒಂದಿಷ್ಟೂ ಏರಲಿಲ್ಲ. "ನೀವು ಇಸ್ಪೀಟಿಗೆ ಕೂರ್ಬಾರ್ದು ಅಂತ. ಹೊಲಕ್ಕೆ ಬೆದರುಗೊಂಬೆ ನಿಲ್ಸಲ್ವಾ, ಹಂಗೆ."

ಭಾಮೈದ ಗೋಡೆಯ ಬಿರುಕೊಂದನ್ನು ಆಳವಾಗಿ ಪರೀಕ್ಷಿಸತೊಡಗಿದ.

"ಫೋಟೋ?"

ಗುಮಾಸ್ತರು ಗಂಭೀರವಾಗಿ ಪೆನ್ ಡ್ರೈವ್ ಚುಚ್ಚಿ ತೆರೆದರು. ಒಳಗೆ ಒಂದು ಪುಟ್ಟ ಚಿತ್ರ, ಅದರ ಮೂಲೆಯಲ್ಲೊಂದು ಬಾಗಿದ ಬಾಣ. ಒತ್ತಿದರೆ ಏನೂ ತೆರೆಯಲಿಲ್ಲ.

"ಇದು ಫೋಟೋಗೆ ಹೋಗೋ ದಾರಿ ತೋರಿಸೋ ಬಾಣ ಅಷ್ಟೇ ಸಾರ್" ಎಂದಳು ಟೀಚರು. "ಊರು ಅಳಿಸಿಬಿಟ್ಟು, ಊರಿನ ದಾರಿ ಹೇಳೋ ಕೈಕಂಬ ಕಿತ್ಕೊಂಡು ಬಂದಿದೀರಿ."

ಗಿರಣಿಯಣ್ಣ ಕುರ್ಚಿಯ ಮೇಲೆ ಕುಸಿದ. ಗಿರಣಿಯಲ್ಲಿ ಚೀಲಗಳನ್ನು ಎಲ್ಲಿಗೆ ಸರಿಸಿದರೆ ಮಲಗಲು ಜಾಗವಾದೀತೆಂದು ಮನಸ್ಸು ಆಗಲೇ ಅಳತೆ ಹಾಕುತ್ತಿತ್ತು.

ಆಗ ಟೀಚರು ತನ್ನ ಚೀಲಕ್ಕೆ ಕೈ ಹಾಕಿ ಇನ್ನೊಂದು ಪೆನ್ ಡ್ರೈವ್ ತೆಗೆದಳು. "ನಾಟಕ ಹೋದ್ಮೇಲೆ ಬುದ್ಧಿ ಬಂದಿದೆ. ಒಂದು ಪ್ರತಿ ಯಾವಾಗ್ಲೂ ನನ್ನ ಹತ್ರಾನೇ ಇರುತ್ತೆ." ಗುಮಾಸ್ತರದ್ದರ ಪಕ್ಕದಲ್ಲೇ ಅದನ್ನು ಚುಚ್ಚಿದಳು. ನಾಲ್ವರೂ ಒಟ್ಟಿಗೆ ಉಸಿರು ಬಿಟ್ಟರು.

ಆ ಗಳಿಗೆಗೆ ಗೂಬೆ ರೆಕ್ಕೆ ಬಡಿಯಿತು. ಮೂಲೆಯಿಂದ ಕೆಂಪು ಪೆಟ್ಟಿಗೆಯೊಂದು ಎದ್ದು ಪರದೆ ತುಂಬಿತು. ಗಿರಣಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಕ್ಷೌರದವನೂ ನಕ್ಕ.

"ಭಲೇ! ಯಾವಾಗ ಹಾಕಿದ್ಯೇ ಇದನ್ನ? ಇನ್ನು ನಾನು ಹೆದರ್ತೀನಾ?"

ಟೀಚರು ನಗಲಿಲ್ಲ. ಪರದೆಗೆ ಬಾಗಿ ನಿಧಾನವಾಗಿ ಓದಿದಳು: ಒಂದು ಪೆನ್ ಡ್ರೈವಿನ ವೈರಸ್ ಇನ್ನೊಂದಕ್ಕೂ ಹತ್ತಿದೆ. ಮೊದಲು ಗುಮಾಸ್ತರ ಪೆನ್ ಡ್ರೈವ್ ನೋಡಿದಳು, ಆಮೇಲೆ ತನ್ನದು, ಕೊನೆಗೆ ಗಂಡನ ಮುಖ.

"ಇದು ನಾನು ಬರೆದಿದ್ದಲ್ಲ" ಎಂದಳು.

ಗುಮಾಸ್ತರಿಗೆ ಒಣಗಲು ಹಾಕಿದ ಬಟ್ಟೆ ನೆನಪಾಯಿತು. ಕ್ಷೌರದವನಿಗೆ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿ ಕೂರಿಸಿ ಬಂದ ಗಿರಾಕಿ ನೆನಪಾದ. ಭಾಮೈದ ಯಾವಾಗ ಹೋದನೋ ಯಾರೂ ನೋಡಲಿಲ್ಲ. ಗಿರಣಿಯಣ್ಣ ಗೋಡೆಗೆ ಸುತ್ತಿ ನಿಲ್ಲಿಸಿದ್ದ ಚಾಪೆಯನ್ನು ತಾನಾಗಿಯೇ ಎತ್ತಿಕೊಂಡು ಕಂಕುಳಿಗೆ ಸೇರಿಸಿದ.