ಅಣೆಕಟ್ಟು ಒಡೆದ ಸಿನಿಮಾ ನಮ್ಮ ಟಾಕೀಸಿಗೆ ಬಂದಾಗ

ಮೂಡುಬಿದಿರೆ ಕಡೆಯ ಒಂದು ಹಳೇ ಟಾಕೀಸಿನಲ್ಲಿ ನಾನು ಮ್ಯಾನೇಜರ್. ಪರದೆಯ ಮೇಲೆ ನಡೆಯುವುದಕ್ಕಿಂತ ಕುರ್ಚಿಗಳಲ್ಲಿ ನಡೆಯುವ ತಮಾಷೆಯೇ ನಮ್ಮಲ್ಲಿ ಹೆಚ್ಚು. ಈಚೆಗೆ ಒಂದು ಪ್ರಳಯದ ಸಿನಿಮಾ ಹಾಕಿದ್ದೆವು. ಅಣೆಕಟ್ಟು ಒಡೆಯುತ್ತದೆ, ಊರು ಮುಳುಗುತ್ತದೆ, ಹೀರೋ ಒಬ್ಬನೇ ಎಲ್ಲರನ್ನೂ ಎತ್ತಿ ದಡ ಸೇರಿಸುತ್ತಾನೆ. ಕತೆ ಅಷ್ಟೇ, ನೀರು ಮಾತ್ರ ಧಾರಾಳ. ಆಟ ಬಿಟ್ಟ ಮೇಲೆ ಬಾಗಿಲಲ್ಲಿ ನಿಂತು "ಹೇಗಿತ್ತು?" ಎಂದು ಕೇಳುವುದು ನನ್ನ ಚಾಳಿ.

ಅಕ್ಕಿ ಮೂಟೆ

ಬಂಟ್ವಾಳ ಪೇಟೆಯಲ್ಲಿ ನದಿಯ ಬದಿಗೇ ದಿನಸಿ ಅಂಗಡಿ ಇಟ್ಟವರೊಬ್ಬರು ಹೆಂಡತಿ ಸಮೇತ ಬಂದಿದ್ದರು. ನೆರೆ ಎಂದರೆ ಅವರಿಗೆ ಮಳೆಗಾಲದ ನೆಂಟ.

"ನೀರು ಒಳ್ಳೆದುಂಟು. ಬಣ್ಣ ಸಹ ಸರಿ, ಕೆಂಪು. ಜನ ಮಾತ್ರ ಸರಿಯಿಲ್ಲ" ಎಂದರು.

"ಯಾಕಣ್ಣ?"

"ಸೊಂಟದವರೆಗೆ ನೀರು ಬಂದಿದೆ, ಆ ಹೀರೋ ಹುಡುಗಿಯ ಕೈ ಹಿಡ್ಕೊಂಡು ಮಾತಾಡ್ತಾನೆ. ಒಬ್ಬನಾದರೂ ಅಕ್ಕಿ ಮೂಟೆ ಅಟ್ಟಕ್ಕೆ ಏರಿಸಿದನಾ?"

ಹೆಂಡತಿಗೆ ತಡೆಯಲಾಗಲಿಲ್ಲ. "ಇವರು ಹೋದ ವರ್ಷ ಮೂಟೆಯೆಲ್ಲ ಏರಿಸಿ, ತಾವೂ ಏರಿ, ನನ್ನನ್ನು ಕೆಳಗೆ ಬಿಟ್ಟು ಏಣಿ ಮೇಲೆಳೆದವರು. ಹೀರೋ ಸರಿಯಾಗಿಯೇ ಇದ್ದಾನೆ!"

ಮಲ್ಲಿಗೆ

ನಾರಾವಿಯ ನನ್ನ ದೊಡ್ಡಮ್ಮ ಸಿನಿಮಾ ಪೂರ್ತಿ ಕಣ್ಣು ಮಿಟುಕಿಸದೆ ನೋಡಿದರು. ಹೊರಗೆ ಬಂದು ನನ್ನನ್ನು ಮೆಲ್ಲ ಬದಿಗೆ ಕರೆದರು.

"ಆ ಹುಡುಗಿಯ ತಲೆ ಮೇಲೆ ಕಟ್ಟಡ ಬಿತ್ತು, ನೆರೆಯಲ್ಲಿ ಕೊಚ್ಚಿಕೊಂಡೂ ಹೋದಳು. ಮುಡಿದ ಮಲ್ಲಿಗೆ ಬಾಡಲೇ ಇಲ್ಲ."

"ಅದೇ, ದೊಡ್ಡಮ್ಮ, ಈ ಸಿನಿಮಾದ ತಪ್ಪು."

"ತಪ್ಪು ಇರಲಿ ಮಾರಾಯ, ಮಲ್ಲಿಗೆ ಎಲ್ಲಿಂದ ತಂದದ್ದು ಅಂತ ಕೇಳಿ ಹೇಳು. ನಮ್ಮದು ಮದುವೆ ಹಾಲ್ ಮುಟ್ಟುವಷ್ಟರಲ್ಲಿ ಬಾಡ್ತದೆ."

ಬೀದಿ ದೀಪ

ಬೆಳ್ತಂಗಡಿ ಕಡೆಯ ಲೈನ್‌ಮನ್ ಒಬ್ಬ ರಜೆ ಹಾಕಿ ಬಂದಿದ್ದ. ಊರು ಮುಳುಗುವ ದೃಶ್ಯದಲ್ಲಿ ಎದ್ದೇ ನಿಂತ.

"ನೋಡಿ, ನೋಡಿ! ಊರೇ ನೀರಲ್ಲುಂಟು, ಬೀದಿ ದೀಪ ಉರಿತಾ ಉಂಟು! ಮೊದಲು ಲೈನ್ ತೆಗಿಬೇಕು!"

ಅವನ ಬಾಯಿ ಮುಚ್ಚುವ ಮೊದಲೇ ನಮ್ಮ ಟಾಕೀಸಿನ ಕರೆಂಟ್ ಹೋಯಿತು. ಕತ್ತಲೆಯಲ್ಲಿ ಹಿಂದಿನ ಸಾಲಿನಿಂದ ಒಂದು ದನಿ:

"ಮಾರಾಯಾ, ಅವರದ್ದು ತೆಗಿ ಅಂದರೆ ನಮ್ಮದು ಯಾಕೆ ತೆಗೆದದ್ದು?"

ಹೊಗೆ

ಕೊನೆಯ ಭಾನುವಾರ, ಮಧ್ಯಾಹ್ನದ ಆಟ. ಪರದೆಯಲ್ಲಿ ಗ್ಯಾಸಿನ ಗೋದಾಮು ಸಿಡಿದು ಹೀರೋ "ಹೊರಗೆ ಓಡಿ!" ಎಂದು ಬೊಬ್ಬೆ ಹೊಡೆಯುತ್ತಿದ್ದಾನೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕ್ಯಾಂಟೀನಿನ ಎಣ್ಣೆ ಬಾಣಲೆಗೆ ಬೆಂಕಿ ಹತ್ತಿತು. ಹೊಗೆ ಟಾಕೀಸಿನೊಳಗೆ ನುಗ್ಗಿತು. ಬದಿಯ ಬಾಗಿಲು ತೆರೆದು, ಪರದೆಯ ಎದುರು ನಿಂತು ಕೂಗಿದೆ:

"ಎಲ್ಲರೂ ಹೊರಗೆ ಬನ್ನಿ! ಬೆಂಕಿ! ಬೆಂಕಿ!"

ಒಬ್ಬರೂ ಏಳಲಿಲ್ಲ. "ಅಡ್ಡ ನಿಲ್ಬೇಡಿ ಮಾರಾಯ್ರೆ" ಎಂದರು ಕೆಲವರು. ಮುಂದಿನ ಸಾಲಿನಲ್ಲಿದ್ದ ಬೆಳುವಾಯಿಯ ನಿವೃತ್ತ ಮಾಸ್ಟ್ರು ಹೊಗೆಯನ್ನು ಮೂಸಿ, "ಪರವಾಗಿಲ್ಲ, ಸಿನಿಮಾದವರು ವಾಸನೆ ಸಹ ಕೊಡ್ತಾರೆ" ಎಂದು ಕಾಲು ಚಾಚಿದರು.

ನನಗೆ ಅಳುವೊಂದು ಬಾಕಿ. ಇನ್ನೇನು ಮಾಡುವುದು? ಇದ್ದ ಉಸಿರೆಲ್ಲ ಸೇರಿಸಿ ಕೂಗಿದೆ:

"ಹೊರಗೆ ಬಿಸಿ ಬಿಸಿ ಗೋಳಿಬಜೆ! ಎಲ್ಲರಿಗೂ ಪುಕ್ಕಟೆ!"

ಕಣ್ಣು ಮಿಟುಕಿಸುವುದರೊಳಗೆ ಟಾಕೀಸು ಖಾಲಿ! ಎಲ್ಲರಿಗಿಂತ ಮುಂದೆ ಓಡಿದವರು ಮಾಸ್ಟ್ರೇ. ಅಷ್ಟರಲ್ಲಿ ಅಡಿಗೆಯವರು ಬಾಣಲೆಗೆ ತಗಡು ಮುಚ್ಚಿ ಬೆಂಕಿ ಆರಿಸಿದ್ದರು. ಯಾರಿಗೂ ಏನೂ ಆಗಿರಲಿಲ್ಲ.

"ಗೋಳಿಬಜೆ ಎಲ್ಲಿ?" ಮಾಸ್ಟ್ರು ಕೇಳಿದರು.

ನಾನು ಬಾಣಲೆಯಲ್ಲಿ ಇದ್ದಲಿನಂತಾದ ಬಜ್ಜಿಯ ಉಂಡೆಗಳನ್ನು ತೋರಿಸಿದೆ. "ಇದೇ ಮಾಸ್ಟ್ರೆ, ಹೊಗೆ ಬಂದದ್ದು ಇದರಿಂದಲೇ."

ಮಾಸ್ಟ್ರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

"ಹಾಗಾದರೆ ಇಡೀ ಸಿನಿಮಾದಲ್ಲಿ ಚೆನ್ನಾಗಿದ್ದದ್ದು ಒಂದೇ ಒಂದು," ಎಂದರು. "ಅದನ್ನೂ ನೀವೇ ಸುಟ್ಟು ಹಾಕಿದಿರಿ!"